ಉಪ್ಪುಕಂಡ: ಮಂಡ್ಯದ ಮನೆಯೊಲೆಯ ಮೇಲಿನ ಇತಿಹಾಸ

ಇಂಗ್ಲಿಷರ ಮುಂಜಾನೆಯ ತಿಂಡಿಗಳಲ್ಲಿ ಬಹಳ ಹೆಸರಾದದ್ದು ಬೇಕನ್ ಮತ್ತು ಮೊಟ್ಟೆ. ಉಪ್ಪು ಹಾಕಿ ಹದಗೊಳಿಸಿದ ಹಂದಿಮಾಂಸದ ತೆಳು ಸೀಳುಗಳನ್ನು ಕಾವಲಿಯ ಮೇಲೆ ಹುರಿದು, ಅದರಿಂದ ಬಿಟ್ಟ ಕೊಬ್ಬಿನಲ್ಲೇ ಮೊಟ್ಟೆ ಒಡೆದು ಹಾಕಿ, ಎರಡನ್ನೂ ಬ್ರೆಡ್ಡಿನ ನಡುವೆ ಇಟ್ಟರೆ ಅದು ಸ್ಯಾಂಡ್‌ವಿಚ್. ಒಂದು ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಮಾತಿಲ್ಲ. ಇಂದು ಬೆಂಗಳೂರಿನ ಹೋಟೆಲುಗಳಲ್ಲೂ ಇದು ಸಿಗುತ್ತದೆ. ಇದನ್ನು ಮನೆಯಲ್ಲಿ ಮಾಡುವ ಕ್ರಮವನ್ನು ಪಾಕಪುಸ್ತಕಗಳು ಸೊಗಸಾದ ಚಿತ್ರಗಳೊಡನೆ ವಿವರಿಸುತ್ತವೆ.

ಇಂಥ ತಿಂಡಿಗೂ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನೇರ ಸಂಬಂಧವೇನೂ ಇಲ್ಲ. ಆದರೆ ಆ ತಿಂಡಿಯ ಹಿಂದಿರುವ ಯೋಚನೆ ಈ ಸೀಮೆಯ ಹಳ್ಳಿಮನೆಗಳಿಗೆ ಹೊಸದಲ್ಲ. ಹಬ್ಬದಲ್ಲಿ ಹೆಚ್ಚಾಗಿ ಬಂದ ಮಾಂಸವನ್ನು ಉಪ್ಪಿನಿಂದ ಕಾಪಾಡಿಕೊಳ್ಳುವುದು, ದುಡಿಮೆಯ ದಿನಗಳಲ್ಲಿ ಅದರ ಒಂದೆರಡು ತುಂಡು ಸುಟ್ಟೋ ಹುರಿದೋ ಹಿಟ್ಟಿನ ಜೊತೆ ತಿನ್ನುವುದು ಇಲ್ಲಿನ ರೂಢಿ. ಅದಕ್ಕೆ ಇಲ್ಲಿ ಉಪ್ಪುಕಂಡ ಎಂದು ಹೆಸರು. ಬೇಕನ್ನಿಗೆ ಪುಸ್ತಕಗಳಿವೆ, ಜಾಹೀರಾತುಗಳಿವೆ, ಇತಿಹಾಸವಿದೆ. ಉಪ್ಪುಕಂಡಕ್ಕೆ ಇರುವುದು ಅಜ್ಜಿಯರ ಕೈಹದ ಮಾತ್ರ. ಒಂದೇ ಉಪಾಯದ ಎರಡು ಅಡುಗೆಗಳಲ್ಲಿ ಒಂದಕ್ಕೆ ಇಷ್ಟು ಕೀರ್ತಿ, ಇನ್ನೊಂದಕ್ಕೆ ಇಷ್ಟು ಮೌನ ಏಕೆ ಬಂತು ಎಂಬುದು ವಿಚಾರ ಮಾಡತಕ್ಕ ವಿಷಯ.

ಚಳಿಯ ನಾಡಿನ ಹಂದಿ

ಯುರೋಪಿನ ರೈತರು ಬೇಸಿಗೆ, ಶರತ್ಕಾಲಗಳಲ್ಲಿ ಹಂದಿಗಳನ್ನು ಮೇಯಿಸಿ ಕೊಬ್ಬಿಸಿ, ಚಳಿ ಕಾಲಿಡುವ ನವೆಂಬರ್ ಹೊತ್ತಿಗೆ ಕಡಿಯುತ್ತಿದ್ದರು. ಹಿಮ ಬಿದ್ದ ಮೇಲೆ ಮೇವಿಲ್ಲ. ಎಲ್ಲ ಪ್ರಾಣಿಗಳನ್ನೂ ಸಾಕುವುದು ಸಾಧ್ಯವಿಲ್ಲ. ಒಂದು ಹಂದಿಯ ಮಾಂಸವನ್ನು ಒಂದು ಕುಟುಂಬ ಒಂದು ವಾರದಲ್ಲಿ ತಿಂದು ಮುಗಿಸುವುದೂ ಸಾಧ್ಯವಿಲ್ಲ. ಆದ್ದರಿಂದ ಹೊಟ್ಟೆಯ ಭಾಗ, ಬೆನ್ನಿನ ಭಾಗಗಳಿಗೆ ಉಪ್ಪು ತಿಕ್ಕಿ ತಂಪಾದ ಕೋಣೆಯಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಕೆಲವರು ಹೊಗೆಯನ್ನೂ ಹಾಕುತ್ತಿದ್ದರು. ಚಳಿಯೇ ಅಲ್ಲಿನ ಶೀತಪೆಟ್ಟಿಗೆ. ಮಾಂಸ ಪೂರ್ತಿ ಒಣಗಬೇಕಾಗಿರಲಿಲ್ಲ. ಕೊಬ್ಬು ಕೂಡ ಕೆಡದೆ ಉಳಿಯುತ್ತಿತ್ತು. ಬೇಕನ್ ಮೆತ್ತಗೆ, ಕೊಬ್ಬಿನಿಂದ ತುಂಬಿ ಇರುವುದಕ್ಕೆ ಅಲ್ಲಿನ ಹವೆಯೇ ಕಾರಣ.

ಸ್ಯಾಂಡ್‌ವಿಚ್ ಎಂಬ ಹೆಸರು ಬಂದದ್ದು 18ನೇ ಶತಮಾನದಲ್ಲಿ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಪ್ರಾಂತದ ನಾಲ್ಕನೆಯ ಅರ್ಲ್ ಜಾನ್ ಮಾಂಟೆಗ್ಯು ಎಂಬ ಶ್ರೀಮಂತನ ಹೆಸರು ಅದಕ್ಕೆ ಅಂಟಿಕೊಂಡಿತು. ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ 1762ರಲ್ಲಿ ತನ್ನ ದಿನಚರಿಯಲ್ಲಿ ಈ ಮಾತನ್ನು ಬರೆದಿಟ್ಟಿದ್ದಾನೆ. ರೊಟ್ಟಿಯ ನಡುವೆ ಮಾಂಸವಿಟ್ಟು ತಿನ್ನುವುದು ಅದಕ್ಕೂ ಹಿಂದಿನಿಂದ ಬಡವರಿಗೆ ಗೊತ್ತಿದ್ದ ಸಂಗತಿಯೇ. ದೊಡ್ಡವರು ತಿಂದಾಗ ಅದಕ್ಕೆ ಹೆಸರು ಬಂತು, ಅಷ್ಟೆ.

ಬೇಕನ್ ಮತ್ತು ಮೊಟ್ಟೆಯ ಜೋಡಿ ಅಮೆರಿಕದ ಮುಂಜಾನೆಯ ಊಟವಾಗಿ ನೆಲೆಯೂರಿದ್ದರ ಹಿಂದೆ ವ್ಯಾಪಾರದ ಜಾಣತನವೂ ಇದೆ. 1920ರ ದಶಕದಲ್ಲಿ ಬೇಕನ್ ಮಾರುವ ಕಂಪನಿಯೊಂದಕ್ಕಾಗಿ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರತಜ್ಞ ಕೆಲಸ ಮಾಡಿದ. ಬೆಳಗಿನ ಊಟ ಹಗುರವಾಗಿರಬೇಕೋ ಗಟ್ಟಿಯಾಗಿರಬೇಕೋ ಎಂದು ವೈದ್ಯರನ್ನು ಕೇಳಿಸಿ, ಗಟ್ಟಿಯಾಗಿರಲಿ ಎಂಬ ಅವರ ಉತ್ತರವನ್ನು ಪತ್ರಿಕೆಗಳಲ್ಲಿ ಸುದ್ದಿಯಾಗುವಂತೆ ಮಾಡಿದ. ಹಳ್ಳಿಯ ರೈತನ ಊಟ ಪಟ್ಟಣದ ಗುಮಾಸ್ತನ ಮೇಜಿಗೆ ಬಂದದ್ದು ಹೀಗೆ. ಊಟಕ್ಕೆ ಗೌರವ ಬರಬೇಕಾದರೆ ರುಚಿಯೊಂದೇ ಸಾಲದು, ಅದರ ಪರವಾಗಿ ಯಾರಾದರೂ ಮಾತನಾಡಬೇಕು.

ಕನ್ನಡ ನಾಡಿನ ಪಾಕಗ್ರಂಥಗಳು

ನಮ್ಮಲ್ಲಿ ಮಾಂಸದಡುಗೆಯ ಪರವಾಗಿ ಮಾತನಾಡಿದವರು ಇರಲಿಲ್ಲವೇ? ಇದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ಊಟವನ್ನು ಕುರಿತ ಭಾಗವೊಂದಿದೆ. ಅಲ್ಲಿ ಹಂದಿಯ ಮಾಂಸವನ್ನು ಅಣಿಗೊಳಿಸುವ ವಿವರ ಬರುತ್ತದೆ. ಹಂದಿಯ ಮೇಲೆ ಬಿಳಿಯ ಬಟ್ಟೆ ಹೊದಿಸಿ ಬಿಸಿನೀರು ಸುರಿದು ಕೂದಲು ತೆಗೆಯುವುದು, ಇಲ್ಲವೇ ಹುಲ್ಲಿನ ಉರಿಯಲ್ಲಿ ಸುಟ್ಟು ತೆಗೆಯುವುದು, ಬೆಂದ ಮಾಂಸವನ್ನು ತಾಳೆಗರಿಯಷ್ಟು ತೆಳ್ಳಗೆ ಸೀಳುವುದು ಇವೆಲ್ಲ ಅಲ್ಲಿವೆ. ತಾಳೆಗರಿಯಂಥ ಹಂದಿಮಾಂಸದ ಸೀಳು ಎಂದ ಮೇಲೆ ಇಂದಿನ ಬೇಕನ್ನಿನ ಆಕಾರ ನೆನಪಾಗದಿರದು. ಇಂಗ್ಲಿಷರು ನಮ್ಮ ನಾಡಿಗೆ ಬರುವುದಕ್ಕೆ ಐದು ಶತಮಾನಗಳ ಹಿಂದೆಯೇ ಕನ್ನಡದ ಅರಮನೆಯೊಂದರಲ್ಲಿ ಇಂಥ ಅಡುಗೆ ನಡೆದಿತ್ತು.

ಆದರೆ ಇದು ಅರಮನೆಯ ಅಡುಗೆ, ಸಂಸ್ಕೃತದಲ್ಲಿ ಬರೆದದ್ದು. ಕನ್ನಡದಲ್ಲಿಯೇ ಬಂದ ಹಳೆಯ ಪಾಕಗ್ರಂಥಗಳ ಮಾತು ಬೇರೆ. ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯ ಅಧ್ಯಾಯವಿದೆ. 16ನೇ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಪೂರ್ತಿಯಾಗಿ ಅಡುಗೆಗೇ ಮೀಸಲಾದ ಕೃತಿ. ಇಬ್ಬರೂ ಜೈನ ಕವಿಗಳು. ಅವರ ಅಡುಗೆಮನೆ ಸಸ್ಯಾಹಾರದ್ದು. ಅವರು ತಮಗೆ ಗೊತ್ತಿದ್ದ ಲೋಕವನ್ನು ಪ್ರೀತಿಯಿಂದ ಬರೆದಿಟ್ಟರು. ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಆದರೆ ಇದರಿಂದ ಒಂದು ಪರಿಣಾಮವೂ ಆಯಿತು. ಕನ್ನಡದಲ್ಲಿ ಬರೆಹಕ್ಕೆ ಸಿಕ್ಕ ಅಡುಗೆ ಒಂದು, ಹೊಲ ಉಳುವವರ, ಕುರಿ ಕಾಯುವವರ ಒಲೆಯ ಮೇಲೆ ಬೆಂದ ಅಡುಗೆ ಇನ್ನೊಂದು ಎಂಬಂತಾಯಿತು. ಎರಡನೆಯದು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿತೇ ಹೊರತು ಓಲೆಗರಿಗೆ ಏರಲಿಲ್ಲ.

ಹೊಸತೊಡಕಿನ ಗುಡ್ಡೆಬಾಡು

ಆ ಬರೆಯದ ಅಡುಗೆಯ ಒಂದು ಪುಟವೇ ಉಪ್ಪುಕಂಡ. ಮಂಡ್ಯ ಸೀಮೆಯಲ್ಲಿ ಮಾಂಸಕ್ಕೆ ಬಾಡು ಎನ್ನುತ್ತಾರೆ. ಯುಗಾದಿಯ ಮಾರನೆಯ ದಿನದ ಹೊಸತೊಡಕು ಇಲ್ಲಿ ಬಾಡಿನ ದೊಡ್ಡ ಹಬ್ಬ. ಯುಗಾದಿಯ ದಿನ ಹೋಳಿಗೆ, ಮರುದಿನ ಬಾಡು. ಮೊದಲನೆಯದಕ್ಕಿಂತ ಎರಡನೆಯದಕ್ಕೇ ಕಾದು ಕೂತವರು ಹೆಚ್ಚು. ಅಂದು ಎಷ್ಟೋ ಹಳ್ಳಿಗಳಲ್ಲಿ ಹತ್ತಾರು ಮನೆಯವರು ಸೇರಿ ಕುರಿಯನ್ನೋ ಆಡನ್ನೋ ಕೊಂಡು ತಂದು ಕೊಯ್ಯುತ್ತಾರೆ. ಮಾಂಸ, ಈಲಿ, ಬೋಟಿ, ಮೂಳೆ ಎಲ್ಲವನ್ನೂ ಸಮನಾಗಿ ಬೆರೆಸಿ ಗುಡ್ಡೆಗುಡ್ಡೆಯಾಗಿ ಹಾಕುತ್ತಾರೆ. ಎಷ್ಟು ಪಾಲೋ ಅಷ್ಟು ಗುಡ್ಡೆ. ಇದೇ ಗುಡ್ಡೆಬಾಡು. ಒಳ್ಳೆಯ ತೊಡೆಯ ಮಾಂಸವೆಲ್ಲ ಒಬ್ಬನಿಗೆ, ಮೂಳೆಯೆಲ್ಲ ಇನ್ನೊಬ್ಬನಿಗೆ ಎಂಬ ತಕರಾರಿಗೆ ಅಲ್ಲಿ ಎಡೆಯಿಲ್ಲ. ತಕ್ಕಡಿಗಿಂತ ಹೆಚ್ಚಾಗಿ ಹತ್ತು ಜನರ ಕಣ್ಣೇ ಅಲ್ಲಿನ ಅಳತೆ. ಸಹಕಾರದ ಪಾಠವನ್ನು ಪುಸ್ತಕದಲ್ಲಿ ಹುಡುಕುವವರು ಈ ಗುಡ್ಡೆಗಳನ್ನು ಒಮ್ಮೆ ನೋಡಬೇಕು.

ಹೀಗೆ ಬಂದ ಪಾಲು ಕೆಲವೊಮ್ಮೆ ಮನೆಯ ಒಂದು ದಿನದ ಊಟಕ್ಕಿಂತ ಹೆಚ್ಚಾಗಿರುತ್ತಿತ್ತು. ಮಾರಿಹಬ್ಬದಲ್ಲಿ, ಹರಕೆ ತೀರಿಸಿದಾಗಲೂ ಹೀಗೆಯೇ. ಶೀತಪೆಟ್ಟಿಗೆ ಇಲ್ಲದ ಕಾಲ. ಏಪ್ರಿಲ್ ತಿಂಗಳ ಬಿಸಿಲು. ಬೆಳಗಿನ ಮಾಂಸ ಮರುದಿನಕ್ಕೆ ಉಳಿಯದು. ಆಗ ಮನೆಯ ಹೆಂಗಸರು ಉಳಿದ ಮಾಂಸದಿಂದ ಮೂಳೆಯನ್ನೂ ಕೊಬ್ಬನ್ನೂ ಬಿಡಿಸಿ, ಬೆರಳುದ್ದದ ಸೀಳುಗಳಾಗಿ ಕೊಯ್ದು, ಉಪ್ಪು ಮತ್ತು ಅರಿಸಿನ ಚೆನ್ನಾಗಿ ತಿಕ್ಕುತ್ತಿದ್ದರು. ಕೆಲವು ಮನೆಗಳಲ್ಲಿ ಖಾರದ ಪುಡಿಯನ್ನೂ ಸೇರಿಸುವುದುಂಟು. ಆಮೇಲೆ ದಬ್ಬಳದಿಂದ ದಾರಕ್ಕೆ ಪೋಣಿಸಿ ಹೂವಿನ ಮಾಲೆಯಂತೆ ಮಾಡಿ, ಹಗಲು ಕಾಗೆ ಬೆಕ್ಕುಗಳ ಕಾವಲಿನೊಡನೆ ಬಿಸಿಲಿಗೂ ರಾತ್ರಿ ಒಲೆಯ ಮೇಲಿನ ಗಳುವಿಗೂ ಕಟ್ಟುತ್ತಿದ್ದರು. ಸೌದೆ ಒಲೆಯ ಹೊಗೆ ತಾನಾಗಿಯೇ ಹಿಡಿಯುತ್ತಿತ್ತು. ನಾಲ್ಕೈದು ದಿನಕ್ಕೆ ಸೀಳು ಕಪ್ಪಗೆ, ಗಟ್ಟಿಯಾಗಿ ಸೆಟೆದುಕೊಂಡರೆ ಹದ ಬಂತೆಂದು ಅರ್ಥ. ಮಡಕೆಗೆ ತುಂಬಿ ಬಾಯಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತಿತ್ತು.

ಇದರ ಹಿಂದಿನ ವಿಜ್ಞಾನ ಸರಳ. ಮಾಂಸ ಕೆಡುವುದು ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದ. ಅವಕ್ಕೆ ಬದುಕಲು ನೀರು ಬೇಕು. ಉಪ್ಪು ಮಾಂಸದೊಳಗಿನ ನೀರನ್ನು ಹೊರಗೆಳೆಯುತ್ತದೆ. ಬಿಸಿಲು ಅದನ್ನು ಆರಿಸುತ್ತದೆ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಹೊರಮೈಯಲ್ಲಿ ಜೀವಿಗಳು ಬೆಳೆಯದಂತೆ ತಡೆಯುತ್ತವೆ. ಕೊಬ್ಬು ಮಾತ್ರ ಈ ಉಪಾಯಕ್ಕೆ ಜಗ್ಗದು. ಬಿಸಿಲಿಗೆ ಅದು ಕಮಟು ಹಿಡಿಯುತ್ತದೆ. ಆದ್ದರಿಂದಲೇ ನಮ್ಮವರು ಕೊಬ್ಬನ್ನು ಬಿಡಿಸಿ ಆ ದಿನವೇ ಎಸರಿಗೆ ಹಾಕಿದರು, ಕೆಂಪು ಮಾಂಸವನ್ನಷ್ಟೇ ಒಣಗಿಸಿದರು. ಇಂಗ್ಲೆಂಡಿನ ಚಳಿಯಲ್ಲಿ ಕೊಬ್ಬಿನ ಬೇಕನ್ ಹುಟ್ಟಿತು, ಮಂಡ್ಯದ ಬಿಸಿಲಿನಲ್ಲಿ ಕೊಬ್ಬಿಲ್ಲದ ಉಪ್ಪುಕಂಡ ಹುಟ್ಟಿತು. ಬಿಸಿಲು ಮತ್ತು ಗಾಳಿಯನ್ನು ನಂಬಿದ ಬೇರೆ ಜನರೂ ಇದೇ ದಾರಿ ಹಿಡಿದರು. ತಮಿಳುನಾಡಿನಲ್ಲಿ ಇದು ಉಪ್ಪುಕಂಡಂ. ದಕ್ಷಿಣ ಆಫ್ರಿಕದಲ್ಲಿ ಬಿಲ್ಟಾಂಗ್. ಪೆರು ದೇಶದ ಬೆಟ್ಟಗಳಲ್ಲಿ ಚಾರ್ಕಿ. ಇಂಗ್ಲಿಷಿನ ಜರ್ಕಿ ಎಂಬ ಮಾತು ಬಂದದ್ದು ಈ ಚಾರ್ಕಿಯಿಂದಲೇ.

ಉಪ್ಪು ಎಲ್ಲಿಂದ ಬರುತ್ತಿತ್ತು ಎಂಬುದೂ ಕುತೂಹಲದ ಪ್ರಶ್ನೆ. ಮೈಸೂರು ಸಂಸ್ಥಾನಕ್ಕೆ ಕಡಲಿಲ್ಲ. ಕಡಲುಪ್ಪು ಘಟ್ಟ ಹತ್ತಿ ಬರಬೇಕು, ದುಬಾರಿ. ಅದರ ಜೊತೆಗೆ ಚೌಳು ಮಣ್ಣನ್ನು ಕೆರೆದು, ನೀರಿನಲ್ಲಿ ಕದಡಿ, ಆ ನೀರನ್ನು ಇಂಗಿಸಿ ಮಣ್ಣುಪ್ಪು ತೆಗೆಯುವ ಕಸುಬೂ ಇತ್ತು. ಉಪ್ಪಾರರು ಎಂಬ ಸಮುದಾಯದ ಹೆಸರಿನಲ್ಲಿಯೇ ಆ ಕಸುಬು ಉಳಿದಿದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದನ್ನು ಗಮನಿಸಿ ಬರೆದಿದ್ದಾನೆ. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗ ಮಾಡಿಸಿಕೊಂಡ ಕರಾರಿನಲ್ಲಿ ಉಪ್ಪಿನ ತಯಾರಿಕೆಯನ್ನು ತಾವು ಹೇಳಿದಂತೆ ನಿಷೇಧಿಸಬೇಕು ಅಥವಾ ಮಿತಿಗೊಳಿಸಬೇಕು ಎಂಬ ಷರತ್ತು ಸೇರಿತ್ತು. ತಮ್ಮ ಉಪ್ಪಿನ ತೆರಿಗೆಗೆ ಪೆಟ್ಟು ಬೀಳಬಾರದೆಂಬ ಎಚ್ಚರ ಅದು. ಹಳ್ಳಿಯ ಒಲೆಯ ಮೇಲೆ ಒಣಗುವ ಒಂದು ತುಂಡು ಬಾಡಿನಲ್ಲಿ ಸಾಮ್ರಾಜ್ಯದ ಲೆಕ್ಕವೂ ಇತ್ತೆಂಬುದು ಇದರಿಂದ ತಿಳಿಯುತ್ತದೆ.

ವಡೆಗೆ ಹೆಸರು ತಂದ ರೈಲು

ಈಗ ಮದ್ದೂರಿಗೆ ಬರೋಣ. ಮದ್ದೂರು ಎಂದೊಡನೆ ಕರ್ನಾಟಕದಲ್ಲಿ ಯಾರಿಗಾದರೂ ನೆನಪಾಗುವುದು ವಡೆ. ಬೆಂಗಳೂರು–ಮೈಸೂರು ರೈಲುದಾರಿ ಭೀಕರ ಕ್ಷಾಮದ ಬೆನ್ನಲ್ಲೇ ನಿರ್ಮಾಣಗೊಂಡು 1882ರಲ್ಲಿ ಪೂರ್ಣವಾಯಿತು. ಉಗಿಬಂಡಿ ನಿಲ್ಲುವ ಕಡೆಯೆಲ್ಲ ಪ್ರಯಾಣಿಕರಿಗೆ ತಿಂಡಿ ಬೇಕಾಯಿತು. 1917ರಲ್ಲಿ ಕರಾವಳಿಯಿಂದ ಬಂದ ರಾಮಚಂದ್ರ ಬುದ್ಯ ಎಂಬವರು ಮದ್ದೂರು ನಿಲ್ದಾಣದಲ್ಲಿ ಸಸ್ಯಾಹಾರಿ ಉಪಾಹಾರ ಗೃಹ ನಡೆಸುತ್ತಿದ್ದಾಗ, ರೈಲು ಹೊರಡುವ ಅವಸರದಲ್ಲಿ ಹಿಟ್ಟನ್ನು ಚಪ್ಪಟೆಯಾಗಿ ತಟ್ಟಿ ಕರಿದದ್ದೇ ಈ ವಡೆಯ ಮೂಲ ಎಂಬ ಕಥೆ ಪ್ರಸಿದ್ಧವಾಗಿದೆ. ಅಕ್ಕಿಹಿಟ್ಟು, ಮೈದಾ, ರವೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಗರಿಯಾದ ಕಾರಣ ಪ್ರಯಾಣದಲ್ಲಿ ಕೆಡದು, ಸೋರದು.

ಮದ್ದೂರು ವಡೆಯ ಕೀರ್ತಿ ನ್ಯಾಯವಾದದ್ದೇ. ಆದರೆ ಆ ಕೀರ್ತಿ ಬಂದ ದಾರಿಯನ್ನು ಗಮನಿಸಬೇಕು. ಅದು ನಿಲ್ದಾಣದಲ್ಲಿ ಮಾರಾಟವಾದ ತಿಂಡಿ. ಬೆಂಗಳೂರಿನವರೂ ಮೈಸೂರಿನವರೂ ಕೊಂಡು ತಿಂದರು, ಊರಿನ ಹೆಸರನ್ನು ಅದಕ್ಕೆ ಸೇರಿಸಿದರು. ಅದೇ ಮದ್ದೂರಿನ ಸುತ್ತಲ ಹಳ್ಳಿಗಳಲ್ಲಿ ಅದೇ ವರ್ಷಗಳಲ್ಲಿ ಹೊತ್ತಾರೆ ತಂಗಳು ಮುದ್ದೆಯ ಜೊತೆ ಕೆಂಡದಲ್ಲಿ ಸುಟ್ಟ ಉಪ್ಪುಕಂಡವನ್ನು ಕಚ್ಚಿಕೊಂಡು ಹೊಲಕ್ಕೆ ಹೋದ ರೈತನ ಊಟಕ್ಕೆ ಯಾವ ಊರಿನ ಹೆಸರೂ ಸೇರಲಿಲ್ಲ. ಅದನ್ನು ಯಾರೂ ಮಾರಲಿಲ್ಲ, ಯಾರೂ ಕೊಳ್ಳಲಿಲ್ಲ.

ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಹೆಸರಿನಲ್ಲಿಯೂ ಇದೇ ಸ್ವಾರಸ್ಯವಿದೆ. ಬಂಡೂರು ಈ ತಾಲ್ಲೂಕಿನ ಹಳ್ಳಿ. ಆದರೆ ಈ ಕುರಿಯನ್ನು ಬಹಳ ಜನ ಬನ್ನೂರು ಕುರಿ ಎನ್ನುತ್ತಾರೆ. ಬನ್ನೂರು ಇರುವುದು ಪಕ್ಕದ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. ಸರಕಾರದ ತಳಿಪಟ್ಟಿಯಲ್ಲಿ ಇದರ ಹೆಸರು ಮಂಡ್ಯ. ಒಂದೇ ಪ್ರಾಣಿಗೆ ಮೂರು ಊರಿನ ಹೆಸರು. ಗಿಡ್ಡ ಕಾಲು, ದುಂಡನೆಯ ಮೈ, ಹೆಚ್ಚಾಗಿ ಬಿಳಿಯ ಬಣ್ಣ; ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದ ಆಕಾರ. ಇದರ ವೈಶಿಷ್ಟ್ಯವೆಂದರೆ ಕೊಬ್ಬು ಚರ್ಮದಡಿಯಲ್ಲಿ ಗಡ್ಡೆಗಟ್ಟದೆ ಮಾಂಸದ ಎಳೆಎಳೆಯಲ್ಲಿ ಹರಡಿಕೊಂಡಿರುವುದು. ಹಾಗಾಗಿ ಮಾಂಸ ಮೆದುವು, ರುಚಿ ಹೆಚ್ಚು. ಇಂಥ ಬಾಡನ್ನು ಅಂದೇ ಬೇಯಿಸಿ ಉಣ್ಣುವುದೇ ಜಾಣತನ; ಒಣಗಿಸುವುದಕ್ಕೆ ಕೊಬ್ಬು ಕಡಿಮೆ ಇರುವ ಆಡಿನ ಬಾಡೇ ಒಪ್ಪುತ್ತದೆ.

ಈ ತಳಿಯನ್ನು ಉಳಿಸಲು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರಕಾರದ ಕುರಿ ಸಂವರ್ಧನಾ ಕೇಂದ್ರವಿದೆ. ಆದರೂ ಶುದ್ಧ ಬಂಡೂರು ಸಿಗುವುದು ಕಷ್ಟವಾಗಿದೆ. ಅಡ್ಡತಳಿಗಳು ಬೇಗ ತೂಕಕ್ಕೆ ಬರುತ್ತವೆ. ಬಂಡೂರು ಸಣ್ಣ ಮೈಯ ಕುರಿ. ಬೇರೆ ಕುರಿಯನ್ನೇ ಬನ್ನೂರು ಎಂದು ಹೇಳಿ ಮಾರುವ ಅಂಗಡಿಗಳಿಗೂ ಕಡಿಮೆಯಿಲ್ಲ. ಹೆಸರಿಗೆ ಬೆಲೆ ಬಂದಾಗ ಹೆಸರಷ್ಟೇ ಉಳಿದು ವಸ್ತು ಮರೆಯಾಗುವ ಅಪಾಯ ಇದ್ದೇ ಇದೆ.

ನಾಲೆ, ಬ್ರೆಡ್ಡು, ಮೊಟ್ಟೆ

ಮಂಡ್ಯ ಇಂದು ಕಬ್ಬು, ಭತ್ತಗಳ ನಾಡೆಂದು ಹೆಸರಾಗಿದೆ. ಇದು ಹೊಸ ಮಾತು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಈ ಬಯಲಿಗೆ ಹರಿಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ಕೆನಡಾ ಮೂಲದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ದುಡಿಮೆ ದೊಡ್ಡದು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿಯವರೆಗೆ ಈ ತಾಲ್ಲೂಕುಗಳ ಬಹುಭಾಗ ಮಳೆಯನ್ನು ನಂಬಿದ ರಾಗಿಯ ಹೊಲ, ಕುರಿ ಮೇಯುವ ಬಯಲು. ಉಪ್ಪುಕಂಡ ಆ ಒಣಬೇಸಾಯದ ಕಾಲದ ಅಡುಗೆ. ನೀರು ಬಂದ ಮೇಲೆ ಬಯಲು ಗದ್ದೆಯಾಯಿತು, ಕೈಯಲ್ಲಿ ಕಾಸು ಆಡಿತು, ವಾರಕ್ಕೊಮ್ಮೆ ಅಂಗಡಿಯಿಂದ ಬಾಡು ತರುವುದು ಸಾಧ್ಯವಾಯಿತು. ಕೂಡಿಡುವ ಅಗತ್ಯ ಕಡಿಮೆಯಾಯಿತು. ಅಡುಗೆ ಅನಿಲ ಬಂದ ಮೇಲೆ ಒಲೆಯ ಮೇಲೆ ಹೊಗೆಯೂ ಇಲ್ಲವಾಯಿತು. ಶೀತಪೆಟ್ಟಿಗೆ ಬಂದ ಮೇಲೆ ದಬ್ಬಳ, ದಾರಗಳ ಕೆಲಸ ಮುಗಿಯಿತು.

ಬ್ರೆಡ್ಡು ಈ ಸೀಮೆಗೆ ಬಂದದ್ದೂ ಒಂದು ಕಥೆ. ಹೈದರ್, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಿದ್ದಿತ್ತು. ಇಂದಿನ ಪಾಂಡವಪುರ ಅದು. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ದಂಡು ಕೆಲವು ವರ್ಷ ಇತ್ತು. ರೊಟ್ಟಿಯಂಗಡಿಯ ಬ್ರೆಡ್ಡು ಆಗ ದಂಡಿನವರ ಆಹಾರ, ಊರಿನವರದಲ್ಲ. ಊರಿನವರಿಗೆ ಅದನ್ನು ಹತ್ತಿರ ತಂದದ್ದು ಅಯ್ಯಂಗಾರ್ ಬೇಕರಿಗಳು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭವಾದ ಬಿ.ಬಿ. ಬೇಕರಿಯಿಂದ ಮೊದಲಾದ ಈ ಪರಂಪರೆ ಮೊಟ್ಟೆ ಹಾಕದೆ ಬ್ರೆಡ್ಡು, ಕೇಕು, ಬನ್ನು ಮಾಡಿ ಮಡಿವಂತರ ಅಳುಕನ್ನೂ ಕಳೆಯಿತು. ಕಾಲಕ್ರಮದಲ್ಲಿ ಈ ಬೇಕರಿಗಳು ಸಣ್ಣಪುಟ್ಟ ಊರುಗಳನ್ನೂ ತಲುಪಿದವು. ಮೊಟ್ಟೆ ಸೋಂಕದ ಈ ಬ್ರೆಡ್ಡನ್ನು ಕೊಂಡು ತಂದ ಮನೆಗಳು ಅದರ ನಡುವೆ ಆಮ್ಲೆಟ್ ಇಟ್ಟು ತಿಂದವು. ಯಾರ ನಿಯಮವೂ ಮುರಿಯಲಿಲ್ಲ, ಎಲ್ಲರ ಹೊಟ್ಟೆಯೂ ತುಂಬಿತು.

ಮೊಟ್ಟೆಯ ಕಥೆಯೂ ಹೀಗೆಯೇ. ಹಿತ್ತಲಿನ ನಾಟಿಕೋಳಿ ಇಡುವ ಮೊಟ್ಟೆ ಕಡಿಮೆ. ಇಟ್ಟದ್ದರಲ್ಲಿ ಹೆಚ್ಚಿನದು ಮಂಕರಿಯಡಿ ಕಾವಿಗೆ ಹೋಗುತ್ತಿತ್ತು. ಮೊಟ್ಟೆ ತಿಂದರೆ ಒಂದು ಕೋಳಿಯನ್ನೇ ಕಳೆದುಕೊಂಡಂತೆ ಎಂಬುದು ಮನೆಯ ಲೆಕ್ಕ. ಬಾಣಂತಿಗೆ, ಸೊರಗಿದ ಮಗುವಿಗೆ ಒಂದೆರಡು. ಫಾರಂ ಕೋಳಿಗಳು ಬಂದ ಮೇಲೆ, ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ 1982ರಲ್ಲಿ ರೂಪುಗೊಂಡು ಪ್ರಚಾರಕ್ಕೆ ಇಳಿದ ಮೇಲೆ ಮೊಟ್ಟೆ ದಿನಬಳಕೆಯ ವಸ್ತುವಾಯಿತು.

ಮನೆಯಲ್ಲಿ ಮಾಡುವ ಬಗೆ

ಹಾಗಾದರೆ ಬೇಕನ್ ಸಿಗದ ಮನೆಯಲ್ಲಿ ಆ ಗಟ್ಟಿ ತಿಂಡಿ ಆಗದೇ? ಧಾರಾಳವಾಗಿ ಆಗುತ್ತದೆ. ನಾಲ್ಕೈದು ಸೀಳು ಉಪ್ಪುಕಂಡವನ್ನು ಕೆಂಡದ ಮೇಲೆ, ಕೆಂಡವಿಲ್ಲದಿದ್ದರೆ ಬರಿಯ ಕಾವಲಿಯ ಮೇಲೆ, ಘಮ ಬರುವವರೆಗೆ ಸುಡಬೇಕು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಆ ನೀರನ್ನು ಚೆಲ್ಲಬೇಕು. ಹೆಚ್ಚಿನ ಉಪ್ಪು ಅದರೊಡನೆ ಹೋಗುತ್ತದೆ. ಬೇರೆ ನೀರಿನಲ್ಲಿ ಮೆತ್ತಗಾಗುವಂತೆ ಬೇಯಿಸಿ, ಒಳಕಲ್ಲಿನಲ್ಲಿ ಜಜ್ಜಿ ಎಳೆಎಳೆಯಾಗಿ ಬಿಡಿಸಬೇಕು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಹಾಕಿ ಬಾಡಿಸಿ, ಬಿಡಿಸಿದ ಬಾಡನ್ನು ಸೇರಿಸಿ ಕೆಂಪಗೆ ಹುರಿಯಬೇಕು. ಅದರ ಮೇಲೆಯೇ ಎರಡು ಮೊಟ್ಟೆ ಒಡೆದು, ಮೆಣಸಿನ ಪುಡಿ ಉದುರಿಸಿ, ಮುಚ್ಚಿ ಬೇಯಿಸಬೇಕು. ಬೇರೆ ಉಪ್ಪು ಬೇಡ. ಇದನ್ನು ಕಾವಲಿಯ ಮೇಲೆ ಬಿಸಿ ಮಾಡಿದ ಬ್ರೆಡ್ಡಿನ ನಡುವೆ ಇಟ್ಟರೆ ಸ್ಯಾಂಡ್‌ವಿಚ್. ಬಿಸಿ ರಾಗಿ ರೊಟ್ಟಿಯೊಳಗೆ ಮಡಿಸಿದರೆ ಅದಕ್ಕೂ ಮಿಗಿಲು. ಕಬ್ಬು ಕಡಿಯಲು ಹೊರಟವನಿಗೆ ಮಧ್ಯಾಹ್ನದವರೆಗೆ ಇಷ್ಟು ಸಾಕು.

ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ತಪ್ಪಾದೀತು. ಬೇಕನ್ ಮೊದಲಾದ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಉಪ್ಪಿನಲ್ಲಿ ಇಟ್ಟ ಮಾಂಸ ನಿತ್ಯದ ಊಟವಲ್ಲ, ರಕ್ತದೊತ್ತಡ ಇರುವವರಿಗಂತೂ ಅಲ್ಲವೇ ಅಲ್ಲ. ನಮ್ಮ ಹಿರಿಯರೂ ಅದನ್ನು ನಿತ್ಯ ತಿಂದವರಲ್ಲ. ಒಂದು ತುಂಡು ಬಾಡಿಗೆ ಒಂದು ಮುದ್ದೆ ಎಂಬುದೇ ಅವರ ಅಳತೆ.

ಊಟವೂ ಊರಿನ ಮರ್ಯಾದೆಯೂ

ಈ ವಿಷಯ ಕೇವಲ ಅಡುಗೆಮನೆಯದಲ್ಲ ಎಂಬುದು 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿಯೇ ಗೊತ್ತಾಯಿತು. 1974ರಲ್ಲಿ ಜಯದೇವಿತಾಯಿ ಲಿಗಾಡೆ, 1994ರಲ್ಲಿ ಚದುರಂಗ ಅವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಿದ್ದ ಊರಿನಲ್ಲಿ ಮೂರನೆಯ ಬಾರಿಗೆ, ಗೊ.ರು. ಚನ್ನಬಸಪ್ಪ ಅವರ ಅಧ್ಯಕ್ಷತೆಯಲ್ಲಿ, 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಏರ್ಪಟ್ಟಿತು. ಮಳಿಗೆಗಳಿಗೆ ಸಂಬಂಧಿಸಿದ ಸೂಚನೆಯಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಜೊತೆಗೆ ನಿಷೇಧದ ಪಟ್ಟಿಗೆ ಸೇರಿಸಿದ್ದು ಹಲವರಿಗೆ ನೋವು ತಂದಿತು. ಸಮ್ಮೇಳನದಲ್ಲಿ ಬಾಡೂಟವೂ ಇರಲಿ ಎಂಬ ಒತ್ತಾಯ ಎದ್ದಿತು. ಚರ್ಚೆ ರಾಜ್ಯವನ್ನೆಲ್ಲ ಸುತ್ತಿತು. ಕೊನೆಯ ದಿನ ಬೇಯಿಸಿದ ಮೊಟ್ಟೆ ಜನರ ಕೈ ಸೇರಿತು.

ಲಕ್ಷಾಂತರ ಜನರಿಗೆ ಒಂದೇ ಪಂಕ್ತಿಯಲ್ಲಿ ಬಡಿಸುವಾಗ ಎಲ್ಲರೂ ಉಣ್ಣಬಹುದಾದ ಊಟವಿರಲಿ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಬಾಡು ಬೇಯಿಸುವ ಪಾತ್ರೆಯ ಪಕ್ಕದಲ್ಲಿ ಊಟ ಮಾಡಲಾರೆ ಎಂಬುವರ ಭಾವನೆಯನ್ನೂ ಹಗುರವಾಗಿ ಕಾಣಬಾರದು. ಮಂಡ್ಯದವರೆಲ್ಲ ಒಂದೇ ಅಭಿಪ್ರಾಯದವರೂ ಅಲ್ಲ. ಶಾಲಾ ಮಕ್ಕಳಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡುವ ಸರಕಾರದ ಯೋಜನೆ ರಾಜ್ಯದಲ್ಲಿ ಜಾರಿಯಲ್ಲಿರುವಾಗಲೇ, 2025ರ ಜುಲೈ ತಿಂಗಳಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ಶಾಲೆಯಲ್ಲಿ ಮೊಟ್ಟೆ ಬೇಯಿಸುವುದನ್ನು ಒಪ್ಪದೆ ಹಲವು ಪೋಷಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು. ಅವರಿಗೂ ಅವರ ನಂಬಿಕೆಯಿದೆ.

ಆದರೆ ಬಡಿಸದಿರುವುದು ಬೇರೆ, ಹೆಂಡ ಹೊಗೆಸೊಪ್ಪಿನ ಸಾಲಿನಲ್ಲಿ ನಿಲ್ಲಿಸುವುದು ಬೇರೆ. ಮೊದಲನೆಯದು ಅನುಕೂಲದ ಮಾತು. ಎರಡನೆಯದು ಮರ್ಯಾದೆಯ ಮಾತು. ಭಾರತದ ಜನಗಣತಿ ಇಲಾಖೆ 2014ರಲ್ಲಿ ನಡೆಸಿದ ಮಾದರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 79 ಮಂದಿ ಮಾಂಸಾಹಾರಿಗಳು. ಇಷ್ಟು ಜನರ ಊಟ ಮನೆಯ ಒಳಗೆ ಹಬ್ಬ, ಹೊರಗೆ ಮುಚ್ಚಿಡುವ ಸಂಗತಿ ಎಂಬಂತೆ ಆದದ್ದು ಒಂದು ದಿನದಲ್ಲಿ ಅಲ್ಲ. ಬರೆದಿಟ್ಟ ಪಾಕಗ್ರಂಥದಲ್ಲಿ ಅದು ಇಲ್ಲ, ರೈಲು ನಿಲ್ದಾಣದ ಉಪಾಹಾರ ಗೃಹದಲ್ಲಿ ಅದು ಇಲ್ಲ, ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಇಲ್ಲ. ಹೀಗೆ ಒಂದೊಂದೇ ಕಡೆ ಇಲ್ಲವಾಗುತ್ತ ಬಂದದ್ದರ ಕೊನೆಯ ಹೆಜ್ಜೆಯೇ ಆ ಪಟ್ಟಿ ಎನ್ನಬಹುದು.

ಇದಕ್ಕೆ ಪರಿಹಾರ ಜಗಳದಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಾಗಿಲ್ಲ. ಬೇಕನ್ನಿಗೆ ಗೌರವ ಬಂದದ್ದು ಅದರ ಬಗ್ಗೆ ಬರೆದವರಿಂದ, ಮಾತನಾಡಿದವರಿಂದ. ಉಪ್ಪುಕಂಡಕ್ಕೂ ಆ ಋಣ ಸಲ್ಲಬೇಕು. ಯಾವ ಊರಿನಲ್ಲಿ ಎಷ್ಟು ಉಪ್ಪು ಹಾಕುತ್ತಿದ್ದರು, ಎಷ್ಟು ದಿನ ಒಣಗಿಸುತ್ತಿದ್ದರು, ಅವರೆಕಾಳಿನ ಎಸರಿಗೆ ಯಾವ ಹದದಲ್ಲಿ ಬಿಡುತ್ತಿದ್ದರು, ಬಂಡೂರು ಕುರಿಯ ಯಾವ ಭಾಗವನ್ನು ಯಾರಿಗೆ ಮೀಸಲಿಡುತ್ತಿದ್ದರು ಎಂಬುದನ್ನೆಲ್ಲ ಬಲ್ಲ ಹಿರಿಯ ಹೆಂಗಸರು ಮಳವಳ್ಳಿ, ಮದ್ದೂರಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಜನಪದ ಗೀತೆಗಳನ್ನು, ಗಾದೆಗಳನ್ನು ಊರೂರು ಅಲೆದು ಬರೆದುಕೊಂಡ ನಮ್ಮ ವಿದ್ವಾಂಸರು ಒಲೆಯ ಮುಂದೆಯೂ ಒಮ್ಮೆ ಕುಳಿತುಕೊಳ್ಳಬೇಕಾಗಿದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಆ ಉಪ್ಪಿನ ಕೈಯ ನೆನಪನ್ನು ಕಾಗದಕ್ಕೆ ಇಳಿಸುವುದೂ ಆ ಮನೆಯ ಋಣ ತೀರಿಸುವ ಒಂದು ಬಗೆಯೇ.